ಕೆಲಸ ಸಿಕ್ಕಿದೆ, ಬಾಗಿಲು ತೆರೆದಿಲ್ಲ

ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಒಂದು ದಿನ ಠಾಣೆಯಿಂದ ಪೇದೆಯೊಬ್ಬರು ಮನೆಗೆ ಬರುತ್ತಾರೆ, ಇಲ್ಲವೇ ಠಾಣೆಗೆ ಬರಹೇಳುತ್ತಾರೆ. ವಿಳಾಸ ನಿಜವೇ, ಮೇಲೆ ಕೇಸುಗಳೇನಾದರೂ ಇವೆಯೇ ಎಂದು ವಿಚಾರಿಸಿ ವರದಿ ಕಳುಹಿಸುತ್ತಾರೆ. ಅಲ್ಲಿಗೆ ಮುಗಿಯಿತು. ಇದೇ ವಿಚಾರಣೆ ಹತ್ತು ವರ್ಷ ಹಿಂದಿನ ಬಾಡಿಗೆ ಮನೆಯಿಂದ ಆರಂಭವಾಗಿ, ಮುರಿದುಬಿದ್ದ ಮದುವೆ, ತೀರಿಸದ ಸಾಲ, ಕುಡಿತದ ಚಟ, ಪರದೇಶದಲ್ಲಿರುವ ಅತ್ತೆ-ಮಾವ ಎಲ್ಲವನ್ನೂ ಜಾಲಾಡುತ್ತ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಮೀರಿ ನಡೆದರೆ? ಅದು ಮುಗಿಯುವ ತನಕ ಕೈಯಲ್ಲಿ ನೇಮಕಾತಿ ಪತ್ರವಿದ್ದೂ ಕೆಲಸದ ಕೋಣೆಗೆ ಕಾಲಿಡುವಂತಿಲ್ಲ ಎಂದರೆ?

ಅಮೆರಿಕದಲ್ಲಿ ರಕ್ಷಣೆ, ಗುಪ್ತಚರ, ಪರಮಾಣು ಇಂಧನ ಮುಂತಾದ ಇಲಾಖೆಗಳ ಗುಟ್ಟಿನ ಕೆಲಸಕ್ಕೆ ಹೊರಟ ಎಂಜಿನಿಯರು, ಗುಮಾಸ್ತ, ಕಂಪ್ಯೂಟರ್ ಪ್ರವೀಣ, ಬಾಗಿಲು ಬೀಗ ರಿಪೇರಿ ಮಾಡುವವ ಎಲ್ಲರೂ ಈ ಕಾಯುವಿಕೆಯನ್ನು ದಾಟಿಯೇ ಒಳಗೆ ಹೋಗಬೇಕು. ಇದಕ್ಕೆ ಅಲ್ಲಿನ ಹೆಸರು ಸೆಕ್ಯುರಿಟಿ ಕ್ಲಿಯರೆನ್ಸ್. 'ಇವರಿಗೆ ದೇಶದ ಗುಟ್ಟು ಹೇಳಬಹುದು' ಎಂದು ಸರ್ಕಾರ ಕೊಡುವ ಭದ್ರತಾ ಪರವಾನಗಿ ಎನ್ನಬಹುದು. ಗುಟ್ಟಿನ ತೂಕಕ್ಕೆ ತಕ್ಕಂತೆ ಮೂರು ಮೆಟ್ಟಿಲುಗಳಿವೆ: ಕಾನ್ಫಿಡೆನ್ಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್. ಅದರಾಚೆಗೂ ಕೆಲವು ಒಳಕೋಣೆಗಳಿವೆ. ಪರಮಾಣು ಗುಟ್ಟುಗಳಿಗೆ 'ಕ್ಯು' ಎಂಬ ಬೇರೆಯೇ ಪರವಾನಗಿ.

ಕಂಟ್ರಾಕ್ಟರ್ ಎಂದೊಡನೆ ಕೆರೆಯ ಹೂಳೆತ್ತಿಸುವ, ರಸ್ತೆಗೆ ಡಾಂಬರು ಹಾಕಿಸುವ ಬಿಳಿ ಷರ್ಟಿನ ಗೃಹಸ್ಥರು ಕಣ್ಣಮುಂದೆ ಬರುವುದು ನಮ್ಮಲ್ಲಿ ಸಹಜ. ಅಮೆರಿಕದ ಸರ್ಕಾರಿ ಮಾತಿನಲ್ಲಿ ಈ ಪದದ ಹರವು ದೊಡ್ಡದು. ಯುದ್ಧವಿಮಾನ ತಯಾರಿಸುವ ಕಂಪನಿ, ಉಪಗ್ರಹದ ಚಿತ್ರ ಓದುವ ಕಂಪನಿ, ಸೇನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕಂಪನಿ ಎಲ್ಲವೂ ಗುತ್ತಿಗೆದಾರರೇ. ಅವುಗಳಲ್ಲಿ ಸಂಬಳಕ್ಕೆ ದುಡಿಯುವವರನ್ನೂ ಕಂಟ್ರಾಕ್ಟರ್ ಎಂದೇ ಕರೆಯುತ್ತಾರೆ. 2013ರ ಅಕ್ಟೋಬರ್‌ನಲ್ಲಿ ಆ ದೇಶದಲ್ಲಿ ಇಂಥ ಪರವಾನಗಿಗೆ ಅರ್ಹರೆನಿಸಿದ್ದವರು ಸುಮಾರು 51 ಲಕ್ಷ ಮಂದಿ. ಅವರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಖಾಸಗಿ ಕಂಪನಿಗಳ ನೌಕರರು. ಸರ್ಕಾರದ ಗುಟ್ಟು ಸರ್ಕಾರಿ ನೌಕರನ ಬಳಿಯಷ್ಟೇ ಇರುತ್ತದೆ ಎಂಬ ನಂಬಿಕೆ ಅಲ್ಲಿ ಎಂದೋ ಹಳತಾಗಿದೆ.

ಈ ಪರವಾನಗಿಗೆ ಯಾರೂ ತಾವಾಗಿ ಅರ್ಜಿ ಹಾಕುವಂತಿಲ್ಲ. ಕೆಲಸ ಕೊಡುವ ಕಂಪನಿ ಮೊದಲು ತಾನೇ ಸರ್ಕಾರದಿಂದ ಅನುಮತಿ ಪಡೆದಿರಬೇಕು. ಆಮೇಲೆ 'ಈ ವ್ಯಕ್ತಿ ನಮಗೆ ಬೇಕು' ಎಂದು ಶಿಫಾರಸು ಮಾಡಬೇಕು. ಆಗ ಅಭ್ಯರ್ಥಿಯ ಕೈಗೆ ಬರುತ್ತದೆ 'ಎಸ್‌ಎಫ್-86' ಎಂಬ ನಮೂನೆ. ನೂರು ಪುಟ ಮೀರಿದ ಪ್ರಶ್ನಾವಳಿ ಅದು. ಹತ್ತು ವರ್ಷಗಳಲ್ಲಿ ವಾಸವಾಗಿದ್ದ ಪ್ರತಿಯೊಂದು ಮನೆ, ಮಾಡಿದ ಪ್ರತಿಯೊಂದು ಕೆಲಸ, ನಿರುದ್ಯೋಗಿಯಾಗಿದ್ದರೆ ಆ ಅವಧಿ, ಅದನ್ನು ಬಲ್ಲವರ ಹೆಸರು, ಏಳು ವರ್ಷಗಳ ವಿದೇಶ ಪ್ರವಾಸ, ಮಾದಕ ವಸ್ತು, ಸಾಲ, ತೆರಿಗೆ ಬಾಕಿ... ನಡುವೆ ಒಂದು ತಿಂಗಳು ಖಾಲಿ ಬಿಟ್ಟರೂ ಪ್ರಶ್ನೆ ಬರುತ್ತದೆ. ತಪ್ಪು ಮಾಡಿದ್ದಕ್ಕಿಂತ ಅದನ್ನು ಮುಚ್ಚಿಟ್ಟದ್ದು ದೊಡ್ಡ ತಪ್ಪೆನಿಸುತ್ತದೆ. ಬೆರಳಚ್ಚು ತೆಗೆಯುತ್ತಾರೆ. ಮೇಲಿನ ಹಂತದ ಪರವಾನಗಿಯಾದರೆ ತನಿಖಾಧಿಕಾರಿ ಖುದ್ದಾಗಿ ಬಂದು ಗಂಟೆಗಟ್ಟಲೆ ಮಾತನಾಡಿಸುತ್ತಾನೆ; ನೆರೆಮನೆಯ ಬಾಗಿಲನ್ನೂ ತಟ್ಟುತ್ತಾನೆ. ಕೊನೆಗೆ ಇನ್ನೊಬ್ಬ ಅಧಿಕಾರಿ 13 ಮಾನದಂಡಗಳ ಮುಂದೆ ಇಡೀ ಬದುಕನ್ನು ಇಟ್ಟು ತೂಗುತ್ತಾನೆ.

ಇಷ್ಟೆಲ್ಲ ಆಗುವಷ್ಟರಲ್ಲಿ ಅಭ್ಯರ್ಥಿ ಏನು ಮಾಡುತ್ತಿರುತ್ತಾನೆ? ಕಾಯುತ್ತಿರುತ್ತಾನೆ. ಅವನ ಕೈಯಲ್ಲಿರುವ ನೇಮಕಾತಿ ಪತ್ರಕ್ಕೆ 'ಕ್ಲಿಯರೆನ್ಸ್ ಬಂದ ಮೇಲೆ' ಎಂಬ ಬಾಲವಿರುತ್ತದೆ. ಸಂಬಳ ಶುರುವಾಗಿರುವುದಿಲ್ಲ. ಕಾಲೇಜಿಗೆ ಮಾಡಿದ ಸಾಲದ ಕಂತು ಮಾತ್ರ ಕಾಯುವುದಿಲ್ಲ. ಆ ಕಂತು ತಪ್ಪಿದರೆ ಅದೇ ಕಡತಕ್ಕೆ ಸೇರಿ ಹೊಸ ಅನುಮಾನಕ್ಕೆ ದಾರಿಯಾಗುತ್ತದೆ! ಕೆಲವು ಕಂಪನಿಗಳು ಕೆಲಸಕ್ಕೇನೋ ಸೇರಿಸಿಕೊಂಡು ಗುಟ್ಟಿಲ್ಲದ ಸಣ್ಣಪುಟ್ಟ ಕೆಲಸ ಕೊಟ್ಟು ಕೂರಿಸುತ್ತವೆ. ಆದರೆ ಗುಟ್ಟಿನ ಯೋಜನೆಯ ಲೆಕ್ಕದಲ್ಲಿ ಆ ನೌಕರನ ಗಂಟೆಗಳನ್ನು ಬರೆದು ಸರ್ಕಾರದಿಂದ ಹಣ ಪಡೆಯುವಂತಿಲ್ಲ. ಅವನ ಸಂಬಳ ಕಂಪನಿಯ ಮೈಮೇಲೆಯೇ ಬೀಳುತ್ತದೆ. ಎಷ್ಟು ದಿನ ಹೊತ್ತೀತು?

ಮೊದಲ ಹಂತದ ಪರಿಶೀಲನೆಯಲ್ಲಿ ಏನೂ ಕಾಣದಿದ್ದರೆ ತಾತ್ಕಾಲಿಕ ಪರವಾನಗಿ ಸಿಗುವುದುಂಟು. ಸಿಗದಿದ್ದರೆ ಅದರ ಮೇಲೆ ಮನವಿಗೆ ಅವಕಾಶವಿಲ್ಲ, ಏಕೆಂದರೆ ಅದು ತೀರ್ಪಲ್ಲ. ಅರ್ಜಿ ಎಲ್ಲಿಗೆ ಬಂತು ಎಂದು ಗುತ್ತಿಗೆ ನೌಕರ ನೇರವಾಗಿ ಸರ್ಕಾರದ ಕಚೇರಿಗೆ ಎಡತಾಕುವ ಪದ್ಧತಿಯೂ ಇಲ್ಲ. ಕಂಪನಿಯಲ್ಲಿರುವ ಭದ್ರತಾ ಅಧಿಕಾರಿಯನ್ನು ಕೇಳಬೇಕು. ಅವರು ಕಂಪ್ಯೂಟರ್ ತೆರೆದು ನೋಡಿ 'ಇನ್ನೂ ನಡೆಯುತ್ತಿದೆ' ಎನ್ನುತ್ತಾರೆ. ಇನ್ನೂ ಒಂದು ವಿಚಿತ್ರವಿದೆ. ನಡುವೆ ಕಂಪನಿಗೆ ಆ ಗುತ್ತಿಗೆ ಕೈತಪ್ಪಿದರೆ, ಅಥವಾ ಕಂಪನಿಯೇ ಬೇಸತ್ತು ಕೆಲಸದ ಮಾತು ಹಿಂದಕ್ಕೆ ಪಡೆದರೆ ಶಿಫಾರಸು ಬಿದ್ದುಹೋಗುತ್ತದೆ. ಹೌದು ಎಂದೂ ಇಲ್ಲ, ಅಲ್ಲ ಎಂದೂ ಇಲ್ಲ. ಕಡತ ನಿಂತಲ್ಲೇ ನಿಲ್ಲುತ್ತದೆ.

ಹೀಗಾಗಿ ಕಂಪನಿಗಳು ಈಗಾಗಲೇ ಪರವಾನಗಿ ಇರುವವರನ್ನೇ ಹುಡುಕುತ್ತವೆ, ಹೆಚ್ಚಿಗೆ ಸಂಬಳ ಕೊಟ್ಟಾದರೂ. ಒಮ್ಮೆ ಪಡೆದವರು ಕೆಲಸ ಬಿಟ್ಟರೂ ಸಾಮಾನ್ಯವಾಗಿ ಎರಡು ವರ್ಷದೊಳಗೆ ಇನ್ನೊಂದು ಕಡೆ ಸೇರಿಕೊಂಡರೆ ಮತ್ತೆ ಮೊದಲಿನಿಂದ ಆರಂಭಿಸಬೇಕಿಲ್ಲ. ಹೊಸಬನ ಪಾಡು ಮಾತ್ರ ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು ಎಂಬಂತೆ. ಪರವಾನಗಿ ಇಲ್ಲದೆ ಕೆಲಸವಿಲ್ಲ, ಕೆಲಸ ಕೊಡುವವರಿಲ್ಲದೆ ಪರವಾನಗಿ ಇಲ್ಲ.

ಕಾಯುವವರ ದೊಡ್ಡಿ

ಈ ಕಾಯುವಿಕೆ ಇತ್ತೀಚಿನದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬ್ ತಯಾರಿಗಾಗಿ ಟೆನೆಸ್ಸಿ ರಾಜ್ಯದ ಗುಡ್ಡಗಳ ನಡುವೆ ಓಕ್ ರಿಡ್ಜ್ ಎಂಬ ಊರನ್ನೇ ಸರ್ಕಾರ ಎಬ್ಬಿಸಿತು. 1942ರಲ್ಲಿ ರೈತರಿಂದ ಜಮೀನು ಬಿಡಿಸಿಕೊಂಡ ಜಾಗದಲ್ಲಿ 1945ರ ಹೊತ್ತಿಗೆ ಸುಮಾರು 75 ಸಾವಿರ ಜನರಿದ್ದರು. ಭೂಪಟದಲ್ಲಿ ಮಾತ್ರ ಆ ಊರು ಇರಲಿಲ್ಲ. ಅಲ್ಲಿನ ಯುರೇನಿಯಂ ಬೇರ್ಪಡಿಸುವ 'ವೈ-12' ಸ್ಥಾವರವನ್ನು ನಡೆಸುತ್ತಿದ್ದುದು ಸೇನೆಯಲ್ಲ, ಟೆನೆಸ್ಸಿ ಈಸ್ಟ್‌ಮನ್ ಎಂಬ ಗುತ್ತಿಗೆ ಕಂಪನಿ. ಫೋಟೋ ಫಿಲ್ಮಿನ ಕೊಡ್ಯಾಕ್ ಮನೆತನಕ್ಕೆ ಸೇರಿದ್ದು.

ಸುತ್ತಲಿನ ಹಳ್ಳಿ-ಪಟ್ಟಣಗಳಿಂದ ಆಗಷ್ಟೇ ಹೈಸ್ಕೂಲು ಮುಗಿಸಿದ ಹುಡುಗಿಯರು ಕೆಲಸಕ್ಕೆಂದು ಅಲ್ಲಿಗೆ ಬಂದಿಳಿದರು. ಬಂದವರನ್ನು ನೇರವಾಗಿ ಸ್ಥಾವರದೊಳಗೆ ಬಿಡುವಂತಿರಲಿಲ್ಲ. ಊರಿನಲ್ಲಿ ಅವರ ಬಗ್ಗೆ ವಿಚಾರಿಸಿದ ವರದಿ ಬರುವವರೆಗೆ ಒಂದು ಕಡೆ ಕೂರಿಸುತ್ತಿದ್ದರು. ಆ ಜಾಗಕ್ಕೆ ಬಿದ್ದ ಹೆಸರು 'ಬುಲ್ ಪೆನ್'. ಹೋರಿಗಳನ್ನು ಕೂಡುವ ದೊಡ್ಡಿ ಎಂದರ್ಥ. ಗುಟ್ಟು ಕಾಪಾಡುವುದು ಹೇಗೆಂಬ ಪಾಠ, ಸ್ವಲ್ಪ ತರಬೇತಿ, ಮಿಕ್ಕ ಹೊತ್ತೆಲ್ಲ ಕಾಯುವುದು. ದೊಡ್ಡಿ ದಾಟಿ ಒಳಹೋದವರಿಗೂ ತಾವು ಏನು ತಯಾರಿಸುತ್ತಿದ್ದೇವೆಂದು ಹೇಳಲಿಲ್ಲ. ಮೀಟರಿನ ಮುಳ್ಳು ಗೆರೆ ದಾಟದಂತೆ ಗುಂಡಿ ತಿರುಗಿಸುತ್ತ ಕೂರುವುದಷ್ಟೇ ಅವರ ಕೆಲಸ. 1945ರ ಆಗಸ್ಟ್ 6ರಂದು ಹಿರೋಷಿಮಾದ ಸುದ್ದಿ ಬಂದಾಗಲೇ ಬಹುಪಾಲು ಜನಕ್ಕೆ ವಿಷಯ ತಿಳಿದದ್ದು.

ಅದೇ ಯೋಜನೆಯ ಇನ್ನೊಂದು ತುದಿಯಲ್ಲಿ, ನ್ಯೂ ಮೆಕ್ಸಿಕೋದ ಲಾಸ್ ಅಲಾಮೋಸ್‌ನಲ್ಲಿ, ಒಬ್ಬ ದೊಡ್ಡ ಮನುಷ್ಯನಿಗೂ ಪರವಾನಗಿ ಬಂದಿರಲಿಲ್ಲ. ಆ ಪ್ರಯೋಗಾಲಯವನ್ನು ಗುತ್ತಿಗೆಯ ಮೇಲೆ ನಡೆಸುತ್ತಿದ್ದುದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಅದರ ನಿರ್ದೇಶಕರು ಜೆ. ರಾಬರ್ಟ್ ಓಪನ್‌ಹೈಮರ್. 1943ರ ವಸಂತದಲ್ಲೇ ಕೆಲಸ ಆರಂಭವಾಗಿತ್ತು. ಆದರೆ ಅವರ ಹೆಂಡತಿ, ತಮ್ಮ ಇಬ್ಬರೂ ಒಂದು ಕಾಲಕ್ಕೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು ಎಂಬ ಕಾರಣಕ್ಕೆ ಸೇನೆಯ ಭದ್ರತಾ ಅಧಿಕಾರಿಗಳು ಕಡತವನ್ನು ಹಿಡಿದಿಟ್ಟಿದ್ದರು. ಬಾಂಬಿನ ಎಲ್ಲ ಗುಟ್ಟೂ ತಲೆಯಲ್ಲಿದ್ದ ಮನುಷ್ಯನಿಗೆ ಗುಟ್ಟು ತಿಳಿಯುವ ಪರವಾನಗಿ ಇಲ್ಲ! ಕೊನೆಗೆ ಯೋಜನೆಯ ಮುಖ್ಯಸ್ಥ ಜನರಲ್ ಲೆಸ್ಲಿ ಗ್ರೋವ್ಸ್ ಜುಲೈ 20ರಂದು ಆಜ್ಞೆ ಹೊರಡಿಸಿದರು. ಕಡತದಲ್ಲಿ ಏನೇ ಇರಲಿ, ಈ ಮನುಷ್ಯನಿಲ್ಲದೆ ಕೆಲಸ ನಡೆಯದು, ತಡಮಾಡದೆ ಕೊಡಿ ಎಂಬುದು ಅದರ ಸಾರ.

ಹತ್ತು ವರ್ಷ ಕಳೆದ ಮೇಲೆ ಆ ಕಡತ ಮತ್ತೆ ಹೊರಬಂತು. ಆಗ ಓಪನ್‌ಹೈಮರ್ ಪರಮಾಣು ಶಕ್ತಿ ಆಯೋಗದ ಸಲಹೆಗಾರರಷ್ಟೇ. ಹೈಡ್ರೋಜನ್ ಬಾಂಬಿಗೆ ಅಪಸ್ವರ ಎತ್ತಿದ್ದರು ಬೇರೆ. 1953ರ ಡಿಸೆಂಬರ್‌ನಲ್ಲಿ ಪರವಾನಗಿಯನ್ನು ಅಮಾನತಿನಲ್ಲಿಟ್ಟರು, ಮುಂದಿನ ಏಪ್ರಿಲ್-ಮೇ ತಿಂಗಳಲ್ಲಿ ವಿಚಾರಣೆ ನಡೆಸಿದರು. 1954ರ ಜೂನ್ 29ರಂದು ಆಯೋಗ ನಾಲ್ಕು-ಒಂದರ ಬಹುಮತದಿಂದ ಅದನ್ನು ಕಿತ್ತುಕೊಂಡಿತು. ಅವರ ಸಲಹೆಗಾರಿಕೆಯ ಕರಾರು ಮುಗಿಯಲು ಉಳಿದಿದ್ದುದು ಒಂದೇ ದಿನ. ಹಳೆಯ ಸಂಗತಿಗಳು ಬಹುಮಟ್ಟಿಗೆ ಅವೇ. ಬದಲಾದದ್ದು ಸರ್ಕಾರಕ್ಕೆ ಅವರಿಂದ ಇದ್ದ ಅಗತ್ಯ. ಆ ತೀರ್ಮಾನ ತಪ್ಪು ಕ್ರಮದಲ್ಲಿ ಆದದ್ದೆಂದು ಅಮೆರಿಕದ ಇಂಧನ ಕಾರ್ಯದರ್ಶಿ ಜೆನಿಫರ್ ಗ್ರಾನ್‌ಹೋಮ್ ರದ್ದುಪಡಿಸಿದ್ದು 2022ರ ಡಿಸೆಂಬರ್‌ನಲ್ಲಿ. ಓಪನ್‌ಹೈಮರ್ ತೀರಿಕೊಂಡು ಆಗಲೇ 55 ವರ್ಷವಾಗಿತ್ತು.

18 ಸಾವಿರದಿಂದ 4,400ಕ್ಕೆ

ಓಪನ್‌ಹೈಮರ್ ಕಥೆ ಸಿನಿಮಾ ಆಯಿತು. ಗುತ್ತಿಗೆ ನೌಕರರ ಮಟ್ಟಿಗೆ ಅದಕ್ಕಿಂತ ದೊಡ್ಡ ಕಥೆ ವಿಲಿಯಂ ಗ್ರೀನ್ ಎಂಬ ಎಂಜಿನಿಯರದು. ಮೇರಿಲ್ಯಾಂಡ್ ರಾಜ್ಯದ 'ಎರ್ಕೋ' ಎಂಬ ಕಂಪನಿಗೆ 1937ರಲ್ಲಿ ಕಿರಿಯ ಎಂಜಿನಿಯರಾಗಿ ಸೇರಿದ್ದ ಗ್ರೀನ್ ಕ್ರಮೇಣ ಉಪಾಧ್ಯಕ್ಷ ಹಾಗೂ ಪ್ರಧಾನ ವ್ಯವಸ್ಥಾಪಕರ ಹುದ್ದೆಗೆ ಏರಿದವರು. ಪೈಲಟ್‌ಗಳು ನೆಲದ ಮೇಲೆಯೇ ಹಾರಾಟ ಕಲಿಯುವ ಎಲೆಕ್ಟ್ರಾನಿಕ್ ಯಂತ್ರದ ರಚನೆಯಲ್ಲಿ ಅವರದು ದೊಡ್ಡ ಕೈ. ವರ್ಷಕ್ಕೆ 18 ಸಾವಿರ ಡಾಲರ್ ಸಂಬಳ. ಅಂದಿನ ಕಾಲಕ್ಕೆ ಭಾರಿ ಮೊತ್ತ. ಸರ್ಕಾರ ಅವರಿಗೆ ಮೂರು ಸಲ ಪರವಾನಗಿ ಕೊಟ್ಟಿತ್ತು.

1953ರ ಏಪ್ರಿಲ್‌ನಲ್ಲಿ ನೌಕಾಪಡೆಯ ಕಾರ್ಯದರ್ಶಿಯಿಂದ ಕಂಪನಿಗೆ ಒಂದು ಪತ್ರ ಬಂತು. ಗ್ರೀನ್‌ಗೆ ಗುಟ್ಟುಗಳು ದೊರೆಯುವುದು ದೇಶದ ಹಿತಕ್ಕೆ ತಕ್ಕುದಲ್ಲ ಎಂದು. ನೌಕಾಪಡೆಯ ಕೆಲಸವನ್ನೇ ನೆಚ್ಚಿಕೊಂಡಿದ್ದ ಕಂಪನಿಗೆ ಬೇರೆ ದಾರಿಯಿರಲಿಲ್ಲ, ಗ್ರೀನ್ ಹೊರಬಿದ್ದರು. ಆರೋಪಗಳೇನು? ವಿಚ್ಛೇದನವಾಗಿ ವರ್ಷಗಳೇ ಕಳೆದಿದ್ದ ಮೊದಲ ಹೆಂಡತಿ ಕಮ್ಯುನಿಸ್ಟ್ ಒಲವಿನವಳು, ಸೋವಿಯತ್ ರಾಯಭಾರ ಕಚೇರಿಯ ಸಮಾರಂಭಗಳಿಗೆ ಹೋಗಿದ್ದರು, ಹೀಗೆ. ರಾಯಭಾರ ಕಚೇರಿಗೆ ಹೋದದ್ದು ಕಂಪನಿಯ ಸರಕು ಮಾರುವ ವ್ಯವಹಾರಕ್ಕೆ ಎಂಬುದು ಗ್ರೀನ್ ಕೊಟ್ಟ ಉತ್ತರ. ಕೆಲಸ ಹೋಗಿ ಒಂದು ವರ್ಷವಾದ ಮೇಲೆ, 1954ರ ಏಪ್ರಿಲ್‌ನಲ್ಲಿ, ಮಂಡಳಿಯೊಂದು ಅವರನ್ನು ಕರೆಸಿ ವಿಚಾರಣೆ ನಡೆಸಿತು. ಸರ್ಕಾರದ ಪರ ಒಬ್ಬ ಸಾಕ್ಷಿಯೂ ಬರಲಿಲ್ಲ. ಯಾರೋ ಹೆಸರು ಹೇಳದವರು ಎಂದೋ ಕೊಟ್ಟ ಹೇಳಿಕೆಗಳ ವರದಿ ಮಂಡಳಿಯ ಮುಂದಿತ್ತು. ಅದನ್ನು ಗ್ರೀನ್ ನೋಡುವಂತಿರಲಿಲ್ಲ. ಹೇಳಿಕೆ ಕೊಟ್ಟವರನ್ನು ಮಂಡಳಿಯವರೂ ಕಣ್ಣಾರೆ ಕಂಡಿರಲಿಲ್ಲ.

ವಿಮಾನದ ಉದ್ದಿಮೆಯಲ್ಲಿ ಅವರಿಗೆ ಎಲ್ಲೂ ಕೆಲಸ ಸಿಗಲಿಲ್ಲ. ಕೊನೆಗೆ ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಸೇರಿಕೊಂಡರು. ವರ್ಷಕ್ಕೆ 4,400 ಡಾಲರ್. ಮೊಕದ್ದಮೆ ಸುಪ್ರೀಂ ಕೋರ್ಟ್ ಮುಟ್ಟಿ ತೀರ್ಪು ಬರುವಾಗ 1959ರ ಜೂನ್ 29. ಕಾಕತಾಳೀಯವೆಂದರೆ, ಓಪನ್‌ಹೈಮರ್ ತೀರ್ಮಾನವಾಗಿ ಅಂದಿಗೆ ಸರಿಯಾಗಿ ಐದು ವರ್ಷ.

ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಬರೆದ ತೀರ್ಪು ಎಚ್ಚರದ್ದು. ಮುಖ ತೋರದ ಸಾಕ್ಷಿಗಳ ಮಾತಿನ ಮೇಲೆ ಒಬ್ಬನ ಜೀವನೋಪಾಯ ಕಿತ್ತುಕೊಳ್ಳುವ ಈ ಪದ್ಧತಿಗೆ ಅಧ್ಯಕ್ಷರಾಗಲಿ ಸಂಸತ್ತಾಗಲಿ ಸ್ಪಷ್ಟ ಅಧಿಕಾರ ಕೊಟ್ಟಿಲ್ಲ; ಆದ್ದರಿಂದ ಇದು ನಿಲ್ಲದು ಎಂದಿತು ನ್ಯಾಯಾಲಯ. ಅಧಿಕಾರ ಕೊಟ್ಟಿದ್ದರೆ ಸರಿಯಾಗುತ್ತಿತ್ತೇ ಎಂಬ ಪ್ರಶ್ನೆಯನ್ನು ಮುಟ್ಟಲಿಲ್ಲ. ನ್ಯಾಯಮೂರ್ತಿ ಕ್ಲಾರ್ಕ್ ಒಬ್ಬರೇ ಭಿನ್ನಮತ ಬರೆದರು. ಸರ್ಕಾರದ ಗುಟ್ಟು ತಿಳಿಯುವ ಹಕ್ಕು ಯಾರಿಗೂ ಇಲ್ಲ ಎಂಬುದು ಅವರ ವಾದ. (ಅಂದು ಒಂಟಿಯಾಗಿದ್ದ ಆ ವಾದಕ್ಕೆ ಮುಂದೆ ಬಲ ಬಂತು: ಪರವಾನಗಿ ಯಾರ ಹಕ್ಕೂ ಅಲ್ಲವೆಂದು 1988ರಲ್ಲಿ ನೌಕಾಪಡೆಯ ನೌಕರ ಈಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತು.) ಗ್ರೀನ್ ತಮ್ಮ ನಷ್ಟ ತುಂಬಿಕೊಡಿ ಎಂದು ಮತ್ತೆ ಕೋರ್ಟಿಗೆ ಹೋದರು, ಅದರಲ್ಲೂ ಗೆದ್ದದ್ದು 1964ರಲ್ಲಿ. ಪತ್ರ ಬಂದ ದಿನದಿಂದ ಹನ್ನೊಂದು ವರ್ಷ.

ಈ ತೀರ್ಪಿನ ಬೆನ್ನಿಗೇ, 1960ರ ಫೆಬ್ರುವರಿಯಲ್ಲಿ, ಅಧ್ಯಕ್ಷ ಐಸೆನ್‌ಹೋವರ್ 10865ನೆಯ ಸಂಖ್ಯೆಯ ಆಜ್ಞೆ ಹೊರಡಿಸಿದರು. ಖಾಸಗಿ ಕಂಪನಿಯ ನೌಕರನಿಗೆ ಪರವಾನಗಿ ನಿರಾಕರಿಸುವ ಮುನ್ನ ಕಾರಣಗಳನ್ನು ಬರಹದಲ್ಲಿ ಕೊಡಬೇಕು, ಉತ್ತರಿಸಲು, ವಕೀಲರೊಡನೆ ಹಾಜರಾಗಲು ಅವಕಾಶವಿರಬೇಕು ಎಂದು ಅದು ಹೇಳಿತು. ಇಂದಿಗೂ ಗುತ್ತಿಗೆ ನೌಕರರ ಪ್ರಕರಣಗಳು ಇದೇ ಹಾದಿಯಲ್ಲಿ ರಕ್ಷಣಾ ಇಲಾಖೆಯ ಆಡಳಿತ ನ್ಯಾಯಾಧೀಶರ ಮುಂದೆ ಬರುತ್ತವೆ. ಹೆಸರು ಮರೆಸಿ ತೀರ್ಪುಗಳನ್ನು ಪ್ರಕಟಿಸುತ್ತಾರೆ. ಓದಿದರೆ ಬೇಹುಗಾರರ ರೋಚಕ ಕಥೆಗಳೇನೂ ಸಿಗುವುದಿಲ್ಲ. ಹೆಚ್ಚಿನವು ಕಟ್ಟಲಾಗದ ಸಾಲ, ಸಲ್ಲಿಸದ ತೆರಿಗೆಯ ಸಂಸಾರದ ಗೋಳು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಗ್ರೀನ್ ಗೆದ್ದುಕೊಟ್ಟದ್ದು ನಿರಾಕರಣೆಗೆ ಉತ್ತರಿಸುವ ಅವಕಾಶ. ಕಾಯಿಸುವುದು ನಿರಾಕರಣೆಯಲ್ಲ. ಆರೋಪವಿಲ್ಲ, ಆರೋಪಪಟ್ಟಿಯಿಲ್ಲ, ಹಾಗಾಗಿ ಉತ್ತರಿಸುವುದಕ್ಕೂ ಏನಿಲ್ಲ. ಕೆಲಸ ಮಾತ್ರ ಕೈಜಾರುತ್ತದೆ.

ಈ ಕಾಯಿಸುವಿಕೆಯೇ ಕೋರ್ಟಿಗೆ ಹೋದ ಪ್ರಸಂಗವೂ ಒಂದುಂಟು. ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯ ರಕ್ಷಣಾ ಕಂಪನಿಗಳಲ್ಲಿ ದುಡಿಯುತ್ತಿದ್ದ ಸಲಿಂಗಿಗಳು 'ಹೈಟೆಕ್ ಗೇಸ್' ಎಂಬ ಸಂಘ ಕಟ್ಟಿಕೊಂಡಿದ್ದರು. ಅರ್ಜಿದಾರ ಸಲಿಂಗಿ ಎಂದು ಗೊತ್ತಾದೊಡನೆ ಕಡತ ಮಾಮೂಲಿ ಸಾಲಿನಿಂದ ಹೊರಹೋಗಿ, ಹೆಚ್ಚಿನ ತನಿಖೆಯೆಂಬ ಉದ್ದನೆಯ ದಾರಿ ಹಿಡಿಯುತ್ತಿತ್ತು. ಪರವಾನಗಿ ಸಿಕ್ಕರೂ ಸಿಗುತ್ತಿದ್ದುದು ತಡವಾಗಿ. ಇಂಥವರನ್ನು ಸೋವಿಯತ್ ಬೇಹುಗಾರರು ಹೆದರಿಸಿ ಬಳಸಿಕೊಳ್ಳುತ್ತಾರೆ ಎಂಬುದು ಸರ್ಕಾರದ ಸಮರ್ಥನೆ. ಮುಚ್ಚಿಡದೆ ಅರ್ಜಿಯಲ್ಲೇ ಹೇಳಿಕೊಂಡವನನ್ನು ಯಾವ ಗುಟ್ಟು ಹಿಡಿದು ಹೆದರಿಸುತ್ತಾರೆ ಎಂದು ಕೇಳಬಹುದಿತ್ತು. 1987ರಲ್ಲಿ ಕೆಳಗಿನ ನ್ಯಾಯಾಲಯ ಸಂಘದ ಪರ ತೀರ್ಪಿತ್ತಿತು. 1990ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕೋರ್ಟಿನಲ್ಲಿ ಸೋತದ್ದು 1995ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಆಜ್ಞೆಯಿಂದ ಸಿಕ್ಕಿತು. ಲೈಂಗಿಕ ಒಲವಿನ ಕಾರಣಕ್ಕೆ ಭೇದ ಮಾಡುವಂತಿಲ್ಲ ಎಂದು ಅದು ಸ್ಪಷ್ಟಪಡಿಸಿತು.

2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಗುಟ್ಟಿನ ಕೆಲಸಗಳು ಬೆಳೆದವು, ಅರ್ಜಿಗಳ ರಾಶಿಯೂ ಬೆಳೆಯಿತು. 2005ರಲ್ಲಿ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ರಕ್ಷಣಾ ಇಲಾಖೆಯ ಈ ವ್ಯವಸ್ಥೆಯನ್ನು ಅಪಾಯದ ಪಟ್ಟಿಗೆ ಸೇರಿಸಿತು. 2011ರಲ್ಲಿ ತೆಗೆಯಿತು, 2018ರಲ್ಲಿ ಇಡೀ ಸರ್ಕಾರದ ವ್ಯವಸ್ಥೆಯನ್ನೇ ಮತ್ತೆ ಸೇರಿಸಿತು. ಆ ವರ್ಷ ಬಾಕಿ ಉಳಿದ ತನಿಖೆಗಳ ಸಂಖ್ಯೆ 7.25 ಲಕ್ಷ ಮುಟ್ಟಿತ್ತು. ಟಾಪ್ ಸೀಕ್ರೆಟ್ ಕೇಳಿದವರು ಒಂದು ವರ್ಷ ಮೀರಿ ಕಾಯುವುದು ಮಾಮೂಲಾಗಿತ್ತು. 2019ರ ಅಕ್ಟೋಬರ್‌ನಲ್ಲಿ ತನಿಖೆಯ ಹೊಣೆ ರಕ್ಷಣಾ ಇಲಾಖೆಯ ಹೊಸ ಸಂಸ್ಥೆಗೆ ಹೋಯಿತು, ಮರುವರ್ಷದ ಆರಂಭಕ್ಕೆ ಬಾಕಿ ಸುಮಾರು ಎರಡು ಲಕ್ಷಕ್ಕೆ ಇಳಿಯಿತು.

ಇನ್ನು ಅವಸರದ ಕಥೆ. 1996ರಲ್ಲಿ ಸರ್ಕಾರ ತನ್ನ ತನಿಖಾ ವಿಭಾಗವನ್ನೇ ಖಾಸಗಿಗೆ ಬಿಟ್ಟುಕೊಟ್ಟಿತು. ಯುಎಸ್‌ಐಎಸ್ ಎಂಬ ಕಂಪನಿ ಹುಟ್ಟಿದ್ದು ಹಾಗೆ. ಗುತ್ತಿಗೆ ನೌಕರರ ಹಣೆಬರಹ ನೋಡುವವರೂ ಗುತ್ತಿಗೆ ನೌಕರರೇ ಆದರು. ಎಷ್ಟು ಕಡತ ಮುಗಿಸಿದರೆ ಅಷ್ಟು ಹಣ. 2008ರಿಂದ 2012ರ ನಡುವೆ 6.65 ಲಕ್ಷ ಕಡತಗಳನ್ನು ಈ ಕಂಪನಿ ಪೂರ್ತಿ ಪರಿಶೀಲಿಸದೆಯೇ ಮುಗಿದಿದೆ ಎಂದು ದಾಟಿಸಿತು ಎಂದು ಅಮೆರಿಕದ ನ್ಯಾಯಾಂಗ ಇಲಾಖೆ 2014ರಲ್ಲಿ ಆರೋಪಿಸಿತು. 2015ರಲ್ಲಿ ಮೂರು ಕೋಟಿ ಡಾಲರ್ ಬಿಟ್ಟುಕೊಡುವ ಒಪ್ಪಂದದೊಂದಿಗೆ ಪ್ರಕರಣ ಮುಗಿಯಿತು. ಇದೇ ಕಂಪನಿ 2011ರಲ್ಲಿ ತನಿಖೆ ನಡೆಸಿದ್ದವರಲ್ಲಿ ಒಬ್ಬ, 2013ರಲ್ಲಿ ಗುಪ್ತಚರ ದಾಖಲೆಗಳನ್ನು ಹೊರಗೆಡವಿದ ಗುತ್ತಿಗೆ ನೌಕರ ಎಡ್ವರ್ಡ್ ಸ್ನೋಡೆನ್. ಒಂದೆಡೆ ವರ್ಷಗಟ್ಟಲೆ ಕಾಯುವ ಸಾಲು, ಇನ್ನೊಂದೆಡೆ ತಿರುವಿಯೂ ನೋಡದೆ ದಾಟಿಸಿದ ಕಡತ.

ಅರ್ಜಿದಾರರು ನಂಬಿ ಬರೆದುಕೊಟ್ಟ ಗುಟ್ಟುಗಳ ಗತಿಯೂ ಚೆನ್ನಾಗಿರಲಿಲ್ಲ. ಸರ್ಕಾರದ ಸಿಬ್ಬಂದಿ ಕಚೇರಿಯ ಕಂಪ್ಯೂಟರುಗಳಿಗೆ ಕನ್ನ ಬಿದ್ದದ್ದು 2015ರಲ್ಲಿ ಹೊರಬಂತು. 2.15 ಕೋಟಿ ಜನರ ವಿವರ ಕಳುವಾಗಿತ್ತು, 56 ಲಕ್ಷ ಮಂದಿಯ ಬೆರಳಚ್ಚು ಸಹಿತ. ಅದರಲ್ಲಿ 18 ಲಕ್ಷ ಮಂದಿ ಅರ್ಜಿಯನ್ನೇ ಹಾಕದವರು. ಗಂಡನೋ ಹೆಂಡತಿಯೋ ನಮೂನೆಯಲ್ಲಿ ಬರೆದ ತಪ್ಪಿಗೆ ಸಿಕ್ಕಿಬಿದ್ದವರು, ಅಷ್ಟೆ.

ಹಾಸನದ ಅಣ್ಣ, ಬೆಂಗಳೂರಿನ ಮಾವ

ಈ ಪರವಾನಗಿ ಸಿಗುವುದು ಅಮೆರಿಕದ ನಾಗರಿಕರಿಗೆ ಮಾತ್ರ. ಆದರೆ ಅಲ್ಲಿಯೇ ನೆಲೆಸಿ ಪೌರತ್ವ ಪಡೆದ ಕನ್ನಡಿಗರು ಇದ್ದಾರಲ್ಲ. ಅವರ ಪಾಲಿಗೆ ನಮೂನೆಯ ಬಂಧುಗಳ ಪುಟವೇ ದೊಡ್ಡ ಬೆಟ್ಟ. ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಅತ್ತೆ, ಮಾವ ಇವರೆಲ್ಲರ ಪೂರ್ಣ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ವಿಳಾಸ, ಪೌರತ್ವ ಬರೆಯಬೇಕು. ಪೂರ್ಣ ಹೆಸರು ಎಂದರೆ ಯಾವುದು? ಶಾಲೆಯ ದಾಖಲೆಯಲ್ಲಿ ಒಂದು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಪಹಣಿಯಲ್ಲಿ ಊರಿನ ಹೆಸರು. ಹಳ್ಳಿಯಲ್ಲಿ ಹುಟ್ಟಿದ ತಾಯಿಯ ಜನ್ಮದಿನ ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡದ್ದು. ಅಮೆರಿಕದ ಗುಮಾಸ್ತನಿಗೆ ಇದೆಲ್ಲ ಹೊಂದದ ಲೆಕ್ಕವಾಗಿ ಕಂಡರೆ ಆಶ್ಚರ್ಯವೇನು?

ಮುಂದಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಈ ಬಂಧು ಎಲ್ಲಿ ಕೆಲಸ ಮಾಡುತ್ತಾರೆ? ಪರದೇಶದ ಸರ್ಕಾರ, ಸೇನೆ, ರಕ್ಷಣಾ ಉದ್ದಿಮೆಗೆ ಸಂಬಂಧವುಂಟೇ? ಈಗ ಕೆಲಸದಲ್ಲಿ ಇಲ್ಲದಿದ್ದರೆ ಕೊನೆಯದಾಗಿ ಎಲ್ಲಿದ್ದರು? ಹಾಸನದ ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಮಾಡುವ ಅಣ್ಣ ಆ ನಮೂನೆಯ ದೃಷ್ಟಿಯಲ್ಲಿ 'ವಿದೇಶಿ ಸರ್ಕಾರ'ದ ನೌಕರ. ಬೆಂಗಳೂರಿನ ಕಥೆಯಂತೂ ಕೇಳುವುದೇ ಬೇಡ. ಎಚ್‌ಎಎಲ್, ಬಿಇಎಲ್, ಇಸ್ರೋ, ಡಿಆರ್‌ಡಿಒ ಎಲ್ಲವೂ ಇರುವ ಊರಿನಲ್ಲಿ, ಮಾವನೋ ಭಾವನೋ ಅವುಗಳಲ್ಲೊಂದರಿಂದ ನಿವೃತ್ತರಾಗಿರದ ಮನೆತನ ಹುಡುಕಬೇಕಾದೀತು. ಪಿತ್ರಾರ್ಜಿತ ಜಮೀನಿನಲ್ಲಿ ಪಾಲಿದ್ದರೆ ಅದು ವಿದೇಶಿ ಆಸ್ತಿ. ಅಮ್ಮನಿಗೆ ಔಷಧಿಗೆಂದು ಕಳುಹಿಸುವ ದುಡ್ಡು, ಗೃಹಪ್ರವೇಶಕ್ಕೆ ಬಂದುಹೋದ ವಿಮಾನ ಪ್ರಯಾಣ ಎಲ್ಲಕ್ಕೂ ಲೆಕ್ಕ ಕೊಡಬೇಕು.

ಇವುಗಳಿಂದಾಗಿ ಪರವಾನಗಿ ಸಿಗುವುದೇ ಇಲ್ಲವೆಂದಲ್ಲ. ಭಾರತದಲ್ಲಿ ಹುಟ್ಟಿದ ಎಷ್ಟೋ ಮಂದಿ ಅದನ್ನು ಪಡೆದು ಕೆಲಸ ಮಾಡುತ್ತಿದ್ದಾರೆ. ಬಂಧುಗಳು ಯಾವ ದೇಶದಲ್ಲಿದ್ದಾರೆ, ಅರ್ಜಿದಾರನ ಬೇರು ಅಮೆರಿಕದಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನೆಲ್ಲ ತೂಗಿ ನೋಡಬೇಕೆಂದು ನಿಯಮವೇ ಹೇಳುತ್ತದೆ. ತೂಗುವುದಕ್ಕೆ ಹೊತ್ತು ಹಿಡಿಯುತ್ತದೆ, ಅಷ್ಟೆ. ಅಷ್ಟೂ ದಿನ ಪಕ್ಕದ ಮೇಜಿನ ಹುಡುಗ ಒಳಗೆ ಹೋಗಿ ಬರುತ್ತಿರುತ್ತಾನೆ.

ಎಷ್ಟು ದಿನದೊಳಗೆ ಮುಗಿಸಬೇಕು ಎಂದು ಕಾನೂನೇನೂ ಸುಮ್ಮನಿಲ್ಲ. 2004ರಲ್ಲಿ ಅಮೆರಿಕದ ಸಂಸತ್ತು ಮಾಡಿದ ಗುಪ್ತಚರ ಸುಧಾರಣಾ ಕಾಯ್ದೆ ಐದು ವರ್ಷದ ಗಡುವು ಹಾಕಿ, ಸರಾಸರಿ 60 ದಿನಗಳಲ್ಲಿ ತೀರ್ಮಾನವಾಗಬೇಕೆಂದಿತು. ತನಿಖೆಗೆ 40 ದಿನ, ನಿರ್ಣಯಕ್ಕೆ 20. ಇದು ಇಲಾಖೆಗೆ ಹಾಕಿದ ಗುರಿಯೇ ಹೊರತು ಅರ್ಜಿದಾರನಿಗೆ ಕೊಟ್ಟ ವಾಯಿದೆಯಲ್ಲ. ಲೆಕ್ಕ ಹಾಕುವ ಕ್ರಮವನ್ನೂ ನೋಡಬೇಕು. ಎಲ್ಲ ಅರ್ಜಿಗಳ ಸರಾಸರಿ ತೆಗೆಯುವುದಿಲ್ಲ. ಕಾಯ್ದೆ ಕೇಳಿದ್ದು ನೂರರಲ್ಲಿ ತೊಂಬತ್ತು ಅರ್ಜಿಗಳನ್ನು; ಹಾಗಾಗಿ ಬೇಗ ಮುಗಿದ ತೊಂಬತ್ತನ್ನು ಆರಿಸಿಕೊಂಡು ಅವುಗಳ ಸರಾಸರಿ ಹಾಕುತ್ತಾರೆ. ಎಲ್ಲಕ್ಕಿಂತ ತಡವಾದ ಹತ್ತು ಅರ್ಜಿಗಳು ಆ ಲೆಕ್ಕದಲ್ಲಿ ಬರುವುದೇ ಇಲ್ಲ.